ಅಂಗದಾನದಲ್ಲಿ ಸೋಂಕಿನ ಪರೀಕ್ಷೆ: ಪುಣೆಯ ಚರಿತ್ರೆಯ ಬೆಳಕಿನಲ್ಲಿ

ದಾನಕ್ಕೆ ಬಂದ ಆಕಳ ಹಲ್ಲನ್ನು ಎಣಿಸಬಾರದೆಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮಾತು. ಕೊಟ್ಟವನ ಔದಾರ್ಯವನ್ನು ಶಂಕಿಸುವುದು ಪಡೆದವನಿಗೆ ಶೋಭಿಸದೆಂಬ ಮರ್ಯಾದೆ ಇದರಲ್ಲಿ ಅಡಗಿದೆ. ಆದರೆ ಮೃತರ ಶರೀರದಿಂದ ಮೂತ್ರಪಿಂಡ, ಯಕೃತ್ತು, ಹೃದಯ ಮೊದಲಾದ ಅಂಗಗಳನ್ನು ತೆಗೆದು ರೋಗಿಗಳಲ್ಲಿ ನೆಲೆಗೊಳಿಸುವ ಶಸ್ತ್ರವಿದ್ಯೆ ಬಳಕೆಗೆ ಬಂದಮೇಲೆ ಈ ಮರ್ಯಾದೆಗೆ ಒಂದು ಅಪವಾದ ಏರ್ಪಟ್ಟಿತು. ಇಲ್ಲಿ ಹಲ್ಲನ್ನು ಎಣಿಸಲೇಬೇಕು. ಎಣಿಸದೆ ಸ್ವೀಕರಿಸಿದ ಅಂಗದೊಡನೆ ದಾನಿಯ ದೇಹದಲ್ಲಿದ್ದ ರೋಗಬೀಜವೂ ಸಾಗಿಹೋಗಿ, ನಾಲ್ಕಾರು ಮಂದಿಗೆ ಜೀವದಾನವಾಗಬೇಕಾದಲ್ಲಿ ಮರಣವೇ ಪ್ರಾಪ್ತವಾದ ನಿದರ್ಶನಗಳುಂಟು. ಅವನ್ನು ಮುಂದೆ ಹೇಳುವೆವು.

ಈ ಎಣಿಕೆಗೆ ಎರಡು ಸಾಧನಗಳು ಬೇಕು. ಸೋಂಕನ್ನು ಕಂಡುಹಿಡಿಯುವ ಪ್ರಯೋಗಶಾಲೆ ಒಂದು. ಕಂಡ ಸೋಂಕನ್ನು ಅಡಗಿಸುವ ಔಷಧಿ ಇನ್ನೊಂದು. ಸ್ವತಂತ್ರ ಭಾರತದಲ್ಲಿ ಈ ಎರಡೂ ವಿದ್ಯೆಗಳು ಪುಣೆಯಲ್ಲಿ, ಎರಡೇ ವರ್ಷಗಳ ಅಂತರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ ನೆಲೆಯೂರಿದುವು. 1952ರಲ್ಲಿ ವೈರಸ್ ಸಂಶೋಧನ ಕೇಂದ್ರ ಸ್ಥಾಪಿತವಾಯಿತು. 1954ರಲ್ಲಿ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆ ಹುಟ್ಟಿತು. ಅಂಗಗಳ ಕಸಿಯ ಯೋಚನೆ ಈ ಎರಡರ ಸ್ಥಾಪಕರಲ್ಲಿ ಯಾರಿಗೂ ಇದ್ದಿರಲಾರದು. ಆದರೂ ಇಂದು ಮೃತದಾನಿಯ ಹಾಸಿಗೆಯ ಬಳಿ ನಡೆಯುವ ಕಾರ್ಯವನ್ನು ಅರಿಯಬೇಕಾದರೆ ಈ ಎರಡು ಸಂಸ್ಥೆಗಳ ಚರಿತ್ರೆಯಿಂದಲೇ ಆರಂಭಿಸುವುದು ಅನುಕೂಲ. ನಮ್ಮ ಕನ್ನಡನಾಡಿನ ನಂಟು ಎರಡರಲ್ಲಿಯೂ ಇರುವುದರಿಂದ ಈ ಪತ್ರಿಕೆಯ ವಾಚಕರಿಗೆ ಅದು ಹೊರಗಿನ ವಿಷಯವೂ ಅಲ್ಲ.

‘ಕಸಿ’ ಎಂಬ ಮಾತನ್ನು ಕುರಿತು ಇಲ್ಲಿಯೇ ಒಂದು ಸೂಚನೆ. ವೈದ್ಯರು ಇದನ್ನು ತೋಟಗಾರನಿಂದ ಎರವಲು ಪಡೆದರು. ಮಾವಿನ ಗಿಡಕ್ಕೆ ಕಸಿಕಟ್ಟುವವನು ಎಲ್ಲಕ್ಕಿಂತ ಮೊದಲು ನೋಡುವುದು ಕೊಂಬೆ ನಿರೋಗಿಯಾಗಿದೆಯೇ, ಚಾಕು ಶುದ್ಧವಾಗಿದೆಯೇ ಎಂಬುದನ್ನು. ರೋಗ ಹತ್ತಿದ ಕೊಂಬೆಯನ್ನು ಕಟ್ಟಿದರೆ ತಾಯಿಗಿಡವೂ ಕೆಡುವುದೆಂದು ಅವನು ಬಲ್ಲ. ಹೀಗೆ ನಮ್ಮ ಭಾಷೆ ಆರಿಸಿಕೊಂಡ ಶಬ್ದದಲ್ಲಿಯೇ ಪ್ರಕೃತ ವಿಷಯದ ಬೀಜ ಅಡಗಿದೆ.

ಸೋಂಕಿನ ತಪಾಸಣೆಯ ವಿಷಯದಲ್ಲಿ ಪುಣೆಗೆ ಒಂದು ಕಹಿಯಾದ ಪೂರ್ವಸ್ಮರಣೆಯೂ ಉಂಟು. 1897ರಲ್ಲಿ ಪ್ಲೇಗು ಹಬ್ಬಿದಾಗ ಸರ್ಕಾರವು ರೋಗಿಗಳನ್ನು ಹುಡುಕಲು ಸೈನಿಕರನ್ನು ಮನೆಮನೆಗೆ ನುಗ್ಗಿಸಿತು. ದೇವರ ಮನೆ, ಅಡುಗೆಮನೆ, ಹೆಂಗಸರ ಮಾನ ಯಾವುದನ್ನೂ ಲೆಕ್ಕಿಸದ ಆ ಶೋಧನೆಯ ಮುಖ್ಯಾಧಿಕಾರಿ ರ‍್ಯಾಂಡ್ ಸಾಹೇಬನು ಅದೇ ವರ್ಷದ ಜೂನ್ 22ರ ರಾತ್ರಿ ಗಣೇಶಖಿಂಡದ ಹಾದಿಯಲ್ಲಿ ಚಾಪೇಕರ ಸೋದರರ ಗುಂಡಿಗೆ ಗುರಿಯಾದುದು ಪ್ರಸಿದ್ಧವಾಗಿದೆ. ರೋಗವನ್ನು ಹುಡುಕುವುದು ಎಷ್ಟೇ ಅವಶ್ಯಕವಾಗಿರಲಿ, ಯಾರ ಶರೀರದಲ್ಲಿ ಹುಡುಕುತ್ತೇವೆಯೋ ಅವರ ಸಮ್ಮತಿಯಿಲ್ಲದಿದ್ದರೆ ಜನ ಅದನ್ನು ಆಕ್ರಮಣವೆಂದೇ ಭಾವಿಸುತ್ತಾರೆ. ದಾನಿಯ ಶರೀರದ ಪರೀಕ್ಷೆಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿ ಸಮ್ಮತಿ ಕೊಡಬೇಕಾದವರು ದುಃಖದಲ್ಲಿ ಮುಳುಗಿರುವ ಬಂಧುಗಳು.

ವೈರಸ್ ಸಂಶೋಧನ ಕೇಂದ್ರವು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನಗಳ ಸಹಯೋಗದಿಂದ ಆರಂಭವಾದುದು. ಸೊಳ್ಳೆ ಉಣ್ಣೆಗಳಿಂದ ಹರಡುವ ವೈರಸ್‌ಗಳ ಅಧ್ಯಯನವೇ ಅದರ ಮೊದಲ ಗುರಿಯಾಗಿದ್ದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗಳಲ್ಲಿ ಜನರೂ ವಿಚಿತ್ರ ಜ್ವರದಿಂದ ಮಡಿದಾಗ, ಪುಣೆಯಿಂದ ಹೋದ ವಿಜ್ಞಾನಿಗಳು ಸತ್ತ ಮಂಗಗಳಿಂದಲೂ ರೋಗಿಗಳಿಂದಲೂ ಹೊಸ ವೈರಸ್ಸೊಂದನ್ನು ಬೇರ್ಪಡಿಸಿದರು. ಮಲೆನಾಡಿಗರ ಬಾಯಲ್ಲಿ ‘ಮಂಗನ ಕಾಯಿಲೆ’ಯಾದುದು ವಿಜ್ಞಾನದಲ್ಲಿ ಕ್ಯಾಸನೂರು ಕಾಡಿನ ರೋಗವಾಯಿತು. 1978ರಲ್ಲಿ ಈ ಕೇಂದ್ರಕ್ಕೆ ರಾಷ್ಟ್ರೀಯ ವೈರಸ್ ವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. 1992ರಲ್ಲಿ ಭೋಸರಿಯಲ್ಲಿ ಏಡ್ಸ್ ಸಂಶೋಧನೆಗೆಂದೇ ಇನ್ನೊಂದು ರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಕಾಣದ ರೋಗಬೀಜವನ್ನು ರಕ್ತದ ಒಂದು ಹನಿಯಲ್ಲಿ ಗುರುತಿಸುವ ವಿದ್ಯೆ ಈ ಊರಿನಲ್ಲಿ ಹೀಗೆ ಬೇರೂರಿತು.

ಇನ್ನು ಪಿಂಪ್ರಿಯ ಕಥೆ. ಪೆನಿಸಿಲಿನ್ನನ್ನು ಫ್ಲೆಮಿಂಗ್ ಗುರುತಿಸಿದುದು 1928ರಲ್ಲಿ. ಅದು ಔಷಧಿಯಾದುದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಚೈನ್ ಎಂಬವರ ಶ್ರಮದಿಂದ. 1941ರ ಫೆಬ್ರವರಿಯಲ್ಲಿ ಅಲ್ಲಿಯ ಒಬ್ಬ ಪೊಲೀಸನಿಗೆ ಇದನ್ನು ಮೊದಲು ಕೊಟ್ಟರು. ನಾಲ್ಕೈದು ದಿನಗಳಲ್ಲಿ ಆತ ಚೇತರಿಸಿಕೊಂಡನು. ಆದರೆ ಔಷಧಿ ತೀರಿಹೋಯಿತು. ಆತನ ಮೂತ್ರವನ್ನೇ ಸಂಗ್ರಹಿಸಿ ಅದರಿಂದ ಪೆನಿಸಿಲಿನ್ನನ್ನು ಮತ್ತೆ ತೆಗೆದು ಕೊಟ್ಟರೂ ಸಾಲದೆ ಆತ ಮಾರ್ಚಿನಲ್ಲಿ ತೀರಿಕೊಂಡನು. ಔಷಧಿಯ ಅಭಾವವೆಂದರೇನೆಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತ ಬೇಕಿಲ್ಲ. ಅಂಥ ಅಭಾವವನ್ನು ನೀಗಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಭಾರತ ಸರ್ಕಾರವು ಮುಂಬಯಿ ಹಾದಿಯ ಪಿಂಪ್ರಿಯಲ್ಲಿ ಕಾರ್ಖಾನೆಯನ್ನು ಕಟ್ಟಿತು. ಔಷಧಿ ತಯಾರಿಕೆಗೆ ಸರ್ಕಾರ ಸ್ಥಾಪಿಸಿದ ಮೊದಲ ಕಾರ್ಖಾನೆ ಇದೇ. 1955ರಲ್ಲಿ ಪೆನಿಸಿಲಿನ್ ಉತ್ಪಾದನೆ ಮೊದಲಾಯಿತು. ಮುಂದಿನ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಸಹ ಅಲ್ಲಿಯೇ ಸಿದ್ಧವಾಗತೊಡಗಿತು.

ಪಿಂಪ್ರಿಯ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದ ಎಂ. ಜೆ. ತಿರುಮಲಾಚಾರ್ ಅವರನ್ನು ಇಲ್ಲಿ ಸ್ಮರಿಸುವುದು ಕರ್ತವ್ಯ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಮೈಸೂರು ಸೀಮೆಯ ಗಿಡಮರಗಳಿಗೆ ತಗಲುವ ತುಕ್ಕುರೋಗದ ಶಿಲೀಂಧ್ರಗಳನ್ನು ಕುರಿತು ಪ್ರಬಂಧಗಳನ್ನು ಬರೆದ ಈ ವಿದ್ವಾಂಸರು ಪಿಂಪ್ರಿಗೆ ಬಂದು, ಮಣ್ಣಿನ ಸೂಕ್ಷ್ಮಜೀವಿಗಳಿಂದ ಹೊಸ ಔಷಧಿಗಳನ್ನು ಅರಸತೊಡಗಿದರು. ಶಿಲೀಂಧ್ರಗಳನ್ನು ನಾಶಮಾಡುವ ಹ್ಯಾಮೈಸಿನ್, ಡರ್ಮೊಸ್ಟಾಟಿನ್, ಆರಿಯೊಫಂಗಿನ್ ಎಂಬುವು ಅವರೂ ಅವರ ಸಹೋದ್ಯೋಗಿಗಳೂ ಕಂಡುಹಿಡಿದ ವಸ್ತುಗಳು. ಹ್ಯಾಮೈಸಿನ್ ಎಂಬುದರ ಮೊದಲ ಅಕ್ಷರಗಳು ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಹೆಸರಿನಿಂದ ಬಂದುವು. ಅದನ್ನು ಸ್ರವಿಸುವ ಜೀವಿಗೆ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದು ಊರಿನ ಹೆಸರನ್ನೇ ಇಟ್ಟರು. ದೇಹದೊಳಕ್ಕೆ ಸುಲಭವಾಗಿ ಹೀರಲ್ಪಡದುದರಿಂದ ಅದು ಮೇಲೆ ಹಚ್ಚುವ ಔಷಧಿಯಾಗಿಯೇ ಹೆಚ್ಚಾಗಿ ಉಳಿಯಿತು. ಒಳಗಿನ ಶಿಲೀಂಧ್ರರೋಗಗಳಿಗೆ ಅದೇ ಕುಲದ ಆಂಫೊಟೆರಿಸಿನ್-ಬಿ ಜಗತ್ತಿನೆಲ್ಲೆಡೆ ಬಳಕೆಯಾಯಿತು.

ಇದೇ 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಎಂಬ ವೈದ್ಯರು ಅವಳಿ ಸೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಕಸಿಮಾಡಿ ಯಶಸ್ವಿಯಾದರು. ಅವಳಿಗಳಾದುದರಿಂದ ದೇಹ ಅದನ್ನು ತಿರಸ್ಕರಿಸಲಿಲ್ಲ. ಪರಕೀಯರ ಅಂಗವನ್ನು ಉಳಿಸಿಕೊಳ್ಳಬೇಕಾದರೆ ರೋಗಿಯ ನಿರೋಧಕ ಶಕ್ತಿಯನ್ನೇ ತಗ್ಗಿಸಬೇಕಾಯಿತು. ತೊಡಕು ಹುಟ್ಟಿದುದು ಅಲ್ಲಿಯೇ. ಮನೆಗೆ ಬಂದ ಅತಿಥಿಯನ್ನು ಕಚ್ಚದಿರಲೆಂದು ಕಾವಲುನಾಯಿಯನ್ನು ಕಟ್ಟಿಹಾಕಿದರೆ ಕಳ್ಳನಿಗೂ ದಾರಿಯಾಗುತ್ತದೆ. 1967ರ ಡಿಸೆಂಬರಿನಲ್ಲಿ ಕೇಪ್‌ಟೌನಿನ ಬರ್ನಾರ್ಡ್ ಅವರಿಂದ ಹೊಸ ಹೃದಯವನ್ನು ಪಡೆದ ಜಗತ್ತಿನ ಮೊದಲ ರೋಗಿ ಹದಿನೆಂಟನೆಯ ದಿನ ಮೃತನಾದನು. ಹೃದಯ ಸರಿಯಾಗಿಯೇ ಬಡಿಯುತ್ತಿದ್ದಿತು. ಕೊಂದುದು ಶ್ವಾಸಕೋಶದ ಸೋಂಕು. ನಮ್ಮ ದೇಶದಲ್ಲಿ 1968ರ ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಪಿ. ಕೆ. ಸೇನ್ ಅವರು ಮಾಡಿದ ಹೃದಯದ ಕಸಿ ಕೆಲವು ಗಂಟೆಗಳಷ್ಟೇ ನಿಂತಿತು. 1971ರಲ್ಲಿ ವೆಲ್ಲೂರಿನಲ್ಲಿ ಜೀವಂತ ದಾನಿಯ ಮೂತ್ರಪಿಂಡದ ಕಸಿ ಸಫಲವಾಯಿತು.

ಮುಂದೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಪ್ರಬಲ ಔಷಧಿಗಳು ಬಂದುದೂ ಮಣ್ಣಿನಿಂದಲೇ ಎಂಬುದು ಕುತೂಹಲಕಾರಿಯಾದ ಸಂಗತಿ. ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ ಸೈಕ್ಲೊಸ್ಪೊರಿನ್. 1984ರಲ್ಲಿ ಜಪಾನಿನ ತ್ಸುಕುಬದ ಮಣ್ಣಿನ ಜೀವಿಯಿಂದ ಟ್ಯಾಕ್ರೊಲಿಮಸ್. ಈ ಎರಡನೆಯದರ ಹೆಸರು ಸ್ಟ್ರೆಪ್ಟೊಮೈಸಿಸ್ ತ್ಸುಕುಬೆನ್ಸಿಸ್. ಪಿಂಪ್ರಿನ ಮತ್ತು ತ್ಸುಕುಬೆನ್ಸಿಸ್ ಒಂದೇ ಕುಲದ ದಾಯಾದಿಗಳು: ಒಂದರ ರಸ ಶಿಲೀಂಧ್ರವನ್ನು ಕೊಲ್ಲುತ್ತದೆ, ಇನ್ನೊಂದರ ರಸ ದೇಹದ ಕಾವಲನ್ನು ಸಡಿಲಿಸಿ ಅದೇ ಶಿಲೀಂಧ್ರಕ್ಕೆ ಎಡೆಮಾಡಿಕೊಡುತ್ತದೆ.

ಮೃತದಾನಿಗಳ ಅಂಗಗಳನ್ನು ಪಡೆಯಲು ಭಾರತದಲ್ಲಿ ಕಾನೂನಿನ ಆಧಾರ ದೊರೆತುದು 1994ರ ಮಾನವ ಅಂಗಗಳ ಕಸಿ ಅಧಿನಿಯಮದಿಂದ. ಮಿದುಳುಕಾಂಡದ ಮರಣವೂ ಮರಣವೇ ಎಂದು ಇದು ಒಪ್ಪಿತು. ನಾಲ್ವರು ವೈದ್ಯರ ಮಂಡಲಿ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕೆಂಬುದು ನಿಯಮ. ಆರಂಭದಲ್ಲಿಯೇ ಇದನ್ನು ಅಂಗೀಕರಿಸಿದ ರಾಜ್ಯಗಳಲ್ಲಿ ಮಹಾರಾಷ್ಟ್ರ ಒಂದು. ಪುಣೆಯ ವಲಯ ಕಸಿ ಸಮನ್ವಯ ಕೇಂದ್ರದ ವ್ಯಾಪ್ತಿಯಲ್ಲಿ ಸೊಲ್ಲಾಪುರ, ಕೊಲ್ಲಾಪುರ ಮುಂತಾದ ಗಡಿ ಜಿಲ್ಲೆಗಳೂ ಸೇರಿವೆ.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ರಸ್ತೆಯ ಅಪಘಾತದಲ್ಲಿಯೋ ಮಿದುಳಿನ ರಕ್ತಸ್ರಾವದಿಂದಲೋ ಮಿದುಳು ಸತ್ತವನ ಹೃದಯ ವೆಂಟಿಲೇಟರಿನ ಬಲದಿಂದ ಇನ್ನೂ ಬಡಿಯುತ್ತಿರುತ್ತದೆ. ಬಂಧುಗಳ ಒಪ್ಪಿಗೆ ದೊರೆತ ಕೂಡಲೇ ರಕ್ತವನ್ನು ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ಮೊದಲಾದುವುಗಳಿಗಾಗಿ ಪರೀಕ್ಷಿಸುತ್ತಾರೆ. ಇವುಗಳ ಫಲಿತಾಂಶ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಆದರೆ ಇಲ್ಲಿ ಎರಡು ಮೋಸಗಳುಂಟು. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲವಾಗಿ ಪರೀಕ್ಷೆ ‘ಇಲ್ಲ’ ಎನ್ನಬಹುದು. 2007ರಲ್ಲಿ ಶಿಕಾಗೋ ನಗರದಲ್ಲಿ ಒಬ್ಬ ದಾನಿಯಿಂದ ನಾಲ್ವರಿಗೆ ಎಚ್.ಐ.ವಿ. ಮತ್ತು ಹೆಪಟೈಟಿಸ್ ಸಿ ಎರಡೂ ತಗಲಿದುದು ಹೀಗೆಯೇ. ಎರಡನೆಯದು, ಅಪಘಾತದ ಗಾಯಾಳುವಿಗೆ ಬಾಟಲಿಗಟ್ಟಲೆ ರಕ್ತವನ್ನೂ ಲವಣದ್ರವವನ್ನೂ ಏರಿಸಿರುತ್ತಾರೆ. ಆಮೇಲೆ ತೆಗೆದ ಮಾದರಿಯಲ್ಲಿ ಆತನ ಸ್ವಂತ ರಕ್ತ ತೆಳುವಾಗಿರುತ್ತದೆ. ಆದುದರಿಂದ ರಕ್ತವೇರಿಸುವ ಮೊದಲಿನ ಮಾದರಿ ಎಲ್ಲಿಯಾದರೂ ಉಳಿದಿದೆಯೇ ಎಂದು ಹುಡುಕುವುದು ಜಾಣತನ. 2002ರಲ್ಲಿ ಅಮೆರಿಕದ ಒಬ್ಬ ದಾನಿಗೆ ಸಾಯುವ ಮುನ್ನ ಏರಿಸಿದ ರಕ್ತದಿಂದ ವೆಸ್ಟ್ ನೈಲ್ ವೈರಸ್ ಹೊಕ್ಕು, ಆ ದಾನಿಯಿಂದ ಅಂಗಗಳನ್ನು ಪಡೆದ ನಾಲ್ವರಿಗೂ ತಗಲಿತು.

ಪ್ರಯೋಗಶಾಲೆಗಿಂತ ಕೆಲವೊಮ್ಮೆ ಪ್ರಶ್ನೆಯೇ ಹೆಚ್ಚು ಕೆಲಸ ಮಾಡುತ್ತದೆ. 2004ರಲ್ಲಿ ಟೆಕ್ಸಾಸಿನಲ್ಲಿ ಒಬ್ಬ ದಾನಿಯ ಯಕೃತ್ತು, ಎರಡು ಮೂತ್ರಪಿಂಡಗಳು ಮತ್ತು ರಕ್ತನಾಳದ ಒಂದು ತುಂಡನ್ನು ಪಡೆದ ನಾಲ್ವರೂ ರೇಬೀಸಿನಿಂದ ಸತ್ತರು. ದಾನಿಯ ಮರಣಕ್ಕೆ ಮಿದುಳಿನ ರಕ್ತಸ್ರಾವವೇ ಕಾರಣವೆಂದು ಎಲ್ಲರೂ ನಂಬಿದ್ದರು. ಆತನನ್ನು ಬಾವಲಿ ಕಚ್ಚಿತ್ತೆಂಬ ಸಂಗತಿ ಹೊರಬಿದ್ದುದು ಎಲ್ಲವೂ ಮುಗಿದಮೇಲೆ. ಬಾವಲಿಯ ಮಾತಿರಲಿ, ಬೀದಿನಾಯಿಗಳ ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಬಿಡುವಂತೆಯೇ ಇಲ್ಲ. ಜತ್ತ ಅಥವಾ ಅಕ್ಕಲಕೋಟೆಯ ಹಳ್ಳಿಯಿಂದ ಪುಣೆಗೆ ಮಗನನ್ನು ಕರೆತಂದು, ಅವನು ಇನ್ನಿಲ್ಲವೆಂದು ಆಗತಾನೆ ಕೇಳಿದ ತಾಯಿಯನ್ನು “ಈ ಒಂದೆರಡು ವರ್ಷದಾಗ ನಾಯಿ ಏನರ ಕಚ್ಚಿತ್ತೇನವ್ವಾ?” ಎಂದು ಕೇಳಬೇಕು. ಜ್ವರ ಬಂದಿತ್ತೇ, ಕ್ಷಯಕ್ಕೆ ಗುಳಿಗೆ ನುಂಗಿದ್ದನೇ, ಯಾವ ಊರುಗಳಿಗೆ ಹೋಗಿಬಂದಿದ್ದನು ಎಂದೂ ವಿಚಾರಿಸಬೇಕು. ಆಸ್ಪತ್ರೆಯ ಭಾಷೆ ಮರಾಠಿಯೋ ಇಂಗ್ಲಿಷೋ ಆಗಿ, ಆ ತಾಯಿಗೆ ಕನ್ನಡವೊಂದೇ ಬರುವಂತಿದ್ದರೆ, ಆಕೆ ತಲೆಯಾಡಿಸಿದುದನ್ನೇ ಉತ್ತರವೆಂದು ಬರೆದುಕೊಳ್ಳುವ ಅಪಾಯ ಪ್ರತ್ಯಕ್ಷವಾದುದು. ಗಡಿ ಜಿಲ್ಲೆಗಳ ರೋಗಿಗಳು ಬರುವ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಸಮನ್ವಯಾಧಿಕಾರಿ ಇರಬೇಕೆಂಬುದು ಭಾಷಾಭಿಮಾನದ ಮಾತಲ್ಲ. ಅದು ಸೋಂಕಿನ ಪರೀಕ್ಷೆಯ ಒಂದು ಅಂಗವೇ ಎಂದು ನಮ್ಮ ಅಭಿಪ್ರಾಯ. ಅದೇ ರೀತಿ, ಮೃತನಲ್ಲಿ ಎಚ್.ಐ.ವಿ. ಕಂಡುಬಂದಲ್ಲಿ ದಾನ ನಿಂತುಹೋದುದಕ್ಕೆ ಕಾರಣವನ್ನು ಅವನ ಹೆಂಡತಿಗೆ ಯಾರು, ಯಾವ ಮಾತಿನಲ್ಲಿ, ನೆರೆದ ನಂಟರ ಕಿವಿಗೆ ಬೀಳದಂತೆ ಹೇಳಬೇಕೆಂಬುದೂ ಯೋಚಿಸತಕ್ಕ ವಿಷಯ. ಆಕೆಯ ಸ್ವಂತ ಪರೀಕ್ಷೆಯೂ ಚಿಕಿತ್ಸೆಯೂ ಅದನ್ನು ಅವಲಂಬಿಸಿವೆ.

ವೈರಸ್‌ಗಳ ಮಾತು ಇಷ್ಟಾಯಿತು. ಬ್ಯಾಕ್ಟೀರಿಯಗಳ ವಿಷಯದಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಶತ್ರು ಕಾಲವೇ. ತೀವ್ರ ನಿಗಾ ಘಟಕದಲ್ಲಿ ಕೆಲವು ದಿನ ಕಳೆದ ದಾನಿಯ ಶ್ವಾಸನಾಳದಲ್ಲಿ ಕೊಳವೆ, ಮೂತ್ರಕೋಶದಲ್ಲಿ ಕೊಳವೆ, ರಕ್ತನಾಳದಲ್ಲಿ ಕೊಳವೆ ಇರುತ್ತವೆ. ಒಂದೊಂದೂ ಆಸ್ಪತ್ರೆಯ ಬ್ಯಾಕ್ಟೀರಿಯಗಳಿಗೆ ತೆರೆದ ಬಾಗಿಲು. ರಕ್ತ, ಮೂತ್ರ, ಕಫಗಳನ್ನು ಕಲ್ಚರ್ ಪರೀಕ್ಷೆಗೆ ಕಳುಹಿಸಿದರೆ ಯಾವ ಜೀವಿ ಬೆಳೆಯಿತು, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯಲು ಎರಡು ಮೂರು ದಿನ ಬೇಕು. ಹೊರತೆಗೆದ ಹೃದಯ ಸುಮಾರು ನಾಲ್ಕು ಗಂಟೆ, ಯಕೃತ್ತು ಹನ್ನೆರಡು ಗಂಟೆ, ಮೂತ್ರಪಿಂಡ ಒಂದು ದಿನ ಅಥವಾ ಸ್ವಲ್ಪ ಹೆಚ್ಚು ಕಾಲ ತಾಳಬಲ್ಲುವು. ವರದಿ ಬರುವ ಹೊತ್ತಿಗೆ ಅಂಗ ಇನ್ನೊಬ್ಬರ ದೇಹದಲ್ಲಿ ಕೆಲಸಮಾಡುತ್ತಿರುತ್ತದೆ. ಈ ನಡುವಣ ಕಾಲವನ್ನು ದಾಟಿಸುವ ದೋಣಿಯೇ ಪ್ರತಿಜೈವಿಕ ಔಷಧಿ, ಎಂದರೆ ಎಲ್ಲರ ಬಾಯಲ್ಲಿರುವ ಆಂಟಿಬಯಾಟಿಕ್. ಸೋಂಕಿದ್ದ ಮಾತ್ರಕ್ಕೆ ದಾನಿಯನ್ನು ತಿರಸ್ಕರಿಸಬೇಕಾಗಿಲ್ಲ. ಬ್ಯಾಕ್ಟೀರಿಯದಿಂದ ಮಿದುಳುಪೊರೆಯ ಉರಿಯೂತವಾಗಿ ಸತ್ತವರಿಗೂ ತಕ್ಕ ಔಷಧಿಯನ್ನು ಒಂದೆರಡು ದಿನ ಕೊಟ್ಟು, ಅಂಗವನ್ನು ಪಡೆದವರಿಗೂ ಅದೇ ಔಷಧಿಯನ್ನು ಮುಂದುವರಿಸಿದರೆ ಕಸಿ ಸಫಲವಾಗುವುದು ಅನುಭವದಿಂದ ಗೊತ್ತಾಗಿದೆ. ಕಾರಣವೇ ತಿಳಿಯದ ಮಿದುಳಿನ ಜ್ವರವಾದರೆ ಮಾತ್ರ ಕೈಮುಗಿದು ಹಿಂದಿರುಗುವುದೇ ಲೇಸು.

ಪಿಂಪ್ರಿಯ ಮೊದಲ ಔಷಧಿಗೂ ಈ ಕಾರ್ಯದಲ್ಲಿ ಒಂದು ಸಣ್ಣ ಸ್ಥಾನವಿದ್ದಿತು. ಅಂಗಗಳನ್ನು ತಂಪಿನಲ್ಲಿಟ್ಟು ಸಾಗಿಸಲು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬೆಲ್ಜರ್ ಮತ್ತು ಸದರ್ಡ್ 1980ರ ದಶಕದಲ್ಲಿ ರೂಪಿಸಿದ ದ್ರವಕ್ಕೆ, ಉಪಯೋಗಿಸುವ ಮುನ್ನ ಲೀಟರಿಗೆ 2 ಲಕ್ಷ ಯೂನಿಟ್ ಪೆನಿಸಿಲಿನ್-ಜಿ ಬೆರೆಸಬೇಕೆಂಬ ವಿಧಿಯಿದ್ದಿತು. ಆದರೆ ಆಸ್ಪತ್ರೆಯ ಇಂದಿನ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಪೆನಿಸಿಲಿನ್ನಿಗೆ ಅಂಜುವುದಿಲ್ಲ. ಆ ದ್ರವದಲ್ಲಿ ಶಿಲೀಂಧ್ರ ಸೇರಿದರಂತೂ ಪೆನಿಸಿಲಿನ್ ಅದನ್ನು ಮುಟ್ಟಲಾರದು. ಕ್ಯಾಂಡಿಡ ಎಂಬ ಶಿಲೀಂಧ್ರ ಹೀಗೆ ಸಾಗಿ, ಹೊಸ ಮೂತ್ರಪಿಂಡದ ಧಮನಿಯನ್ನೇ ಕೊರೆದು ಒಡೆಯುವುದುಂಟು. ತಿರುಮಲಾಚಾರ್ ಅವರು ಅರಸುತ್ತಿದ್ದ ಬಗೆಯ ಔಷಧಿಗೆ ಇಲ್ಲಿ ಬೆಲೆ.

ಅಭಾವವನ್ನು ನೀಗಲೆಂದು ಹುಟ್ಟಿದ ಔಷಧಿಗಳು ಅರ್ಧ ಶತಮಾನದೊಳಗೆ ಅತಿಬಳಕೆಗೆ ತುತ್ತಾದುವು. ನೆಗಡಿಗೂ ಆಂಟಿಬಯಾಟಿಕ್, ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಆಂಟಿಬಯಾಟಿಕ್ ಎಂಬಂತಾಯಿತು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯಲ್ಲಿ 2008ರಲ್ಲಿ ಕಂಡುಬಂದ ನಿರೋಧಕ ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರನ್ನಿಟ್ಟಾಗ ಸರ್ಕಾರವು ಪ್ರತಿಭಟಿಸಿತು. ಹೆಸರಿನ ಜಗಳ ಏನೇ ಇರಲಿ, ಅತಿ ಪ್ರಬಲವಾದ ಕಾರ್ಬಪೆನೆಮ್ ಔಷಧಿಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲ, ಅಸಿನಿಟೊಬ್ಯಾಕ್ಟರ್‌ಗಳು ನಮ್ಮ ತೀವ್ರ ನಿಗಾ ಘಟಕಗಳಲ್ಲಿ ಬೀಡುಬಿಟ್ಟಿರುವುದು ಸುಳ್ಳಲ್ಲ. 2014ರ ಮಾರ್ಚಿನಿಂದ ಹಲವು ಆಂಟಿಬಯಾಟಿಕ್‌ಗಳ ಮಾರಾಟಕ್ಕೆ ಎಚ್-1 ಅನುಸೂಚಿಯ ಕಟ್ಟುಪಾಡು ಬಂದಿತು. ಇತ್ತ ಪಿಂಪ್ರಿಯ ಕಾರ್ಖಾನೆಯೇ ನಷ್ಟಕ್ಕೆ ಸಿಲುಕಿತು. ಪೆನಿಸಿಲಿನ್-ಜಿಗಾಗಿ ದೇಶ ಚೀನದ ಆಮದನ್ನು ನೆಚ್ಚಿ ಕುಳಿತಿತು. 2016ರಲ್ಲಿ ಸಂಸ್ಥೆಯ ಜಮೀನನ್ನು ಮಾರಿ ಸಾಲ ತೀರಿಸುವ ನಿರ್ಣಯವನ್ನು ಕೇಂದ್ರ ಮಂತ್ರಿಮಂಡಲ ಕೈಕೊಂಡಿತು. ಔಷಧಿಯನ್ನು ಮಾಡುವುದನ್ನು ಮರೆತು ಬಳಸುವುದನ್ನು ಮಾತ್ರ ಕಲಿತೆವೆಂದರೆ ಕಟುವಾದೀತು, ಆದರೂ ಹಾಗೆನ್ನಿಸುವುದುಂಟು.

ಮೃತದಾನಿಯ ಮಟ್ಟಿಗೆ ಇದರ ಫಲವೇನು? ಬೇರೆಲ್ಲ ಔಷಧಿಗಳೂ ಸೋತಾಗ ವೈದ್ಯರು ಕೊಲಿಸ್ಟಿನ್ ಎಂಬ ಹಳೆಯ ಔಷಧಿಗೆ ಕೈಹಾಕುತ್ತಾರೆ. ಅದನ್ನು ಒಮ್ಮೆ ಮೂಲೆಗೆ ಸರಿಸಿದುದೇ ಅದು ಮೂತ್ರಪಿಂಡವನ್ನು ಕೆಡಿಸುತ್ತದೆಂದು. ದಾನಿಯ ಸೋಂಕನ್ನು ಅಡಗಿಸಿ ಮೂತ್ರಪಿಂಡವನ್ನು ರಕ್ಷಿಸಬೇಕೆಂದು ಕೊಡುವ ಔಷಧಿಯೇ ಆ ಮೂತ್ರಪಿಂಡಕ್ಕೆ ವಿಷವಾಗಬಹುದು. ಸ್ಟ್ರೆಪ್ಟೊಮೈಸಿನ್ನಿನ ಬಂಧುಗಳಾದ ಜೆಂಟಮೈಸಿನ್, ಅಮಿಕಾಸಿನ್‌ಗಳಿಗೂ ಈ ದೋಷ ಉಂಟು. ಆದುದರಿಂದ ದಾನಿಗೆ ಕೊಡುವ ಔಷಧಿಯನ್ನು ಆರಿಸುವಾಗ ಸತ್ತವನ ಸೋಂಕು, ಅವನ ಅಂಗದ ಕ್ಷೇಮ, ಅದನ್ನು ಪಡೆಯುವ ಅಪರಿಚಿತನ ಬಲಾಬಲ ಈ ಮೂರನ್ನೂ ತೂಗಿನೋಡಬೇಕಾಗುತ್ತದೆ. ನಿಗಾ ಘಟಕದಲ್ಲಿ ಮೊದಲ ದಿನದಿಂದಲೇ ಕೊಳವೆಗಳ ಶುಚಿ, ಕೈತೊಳೆಯುವ ಶಿಸ್ತು, ಅನಾವಶ್ಯಕ ಔಷಧಿಯನ್ನು ನಿಲ್ಲಿಸುವ ವಿವೇಕ ಇದ್ದಿದ್ದರೆ ಈ ತಕ್ಕಡಿಯನ್ನು ಹಿಡಿಯುವ ಪ್ರಸಂಗವೇ ಎಷ್ಟೋ ಸಲ ಬಾರದು. ಯಾವ ಗಾಯಾಳು ಮುಂದೆ ದಾನಿಯಾಗುವನೆಂದು ಯಾರಿಗೂ ಮೊದಲೇ ಗೊತ್ತಿರುವುದಿಲ್ಲವಷ್ಟೆ.

2020ರ ಕೊರೊನಾ ಕಾಲದಲ್ಲಿ ಈ ಊರಿನ ವೈರಸ್ ವಿಜ್ಞಾನ ಸಂಸ್ಥೆಯ ಹೆಸರು ದಿನಪತ್ರಿಕೆಗಳಲ್ಲಿ ನಿತ್ಯವೂ ಕಾಣಿಸಿತು. ದಾನಿಗಳ ಪರೀಕ್ಷೆಯ ಪಟ್ಟಿಗೆ ಮೂಗು ಗಂಟಲಿನ ದ್ರವದ ತಪಾಸಣೆಯೂ ಆಗ ಸೇರಿತು. 2021ರ ಬೇಸಗೆಯಲ್ಲಿ ಕಪ್ಪು ಶಿಲೀಂಧ್ರದ ರೋಗ ಹಬ್ಬಿದಾಗ ಮಹಾರಾಷ್ಟ್ರದಲ್ಲಿ ಆಂಫೊಟೆರಿಸಿನ್ನಿಗಾಗಿ ಜನ ಅಂಗಡಿಯಿಂದ ಅಂಗಡಿಗೆ ಅಲೆದರು. 1941ರ ಅಭಾವವೇ ಹೆಸರು ಬದಲಿಸಿಕೊಂಡು ಬಂದಂತಿದ್ದಿತು.

ಪರೀಕ್ಷೆಯ ಕೊನೆಯ ಹಂತವೊಂದನ್ನು ಹೇಳಿ ಈ ಪ್ರಬಂಧವನ್ನು ಮುಗಿಸಬಹುದು. ದಾನಿಯ ಅಂತ್ಯಕ್ರಿಯೆ ನಡೆದ ಎರಡು ಮೂರು ದಿನಗಳ ಮೇಲೆ ಕಲ್ಚರ್ ವರದಿ ಸಿದ್ಧವಾಗುತ್ತದೆ. ಅಷ್ಟರಲ್ಲಿ ಆತನ ಯಕೃತ್ತು ಒಂದು ಆಸ್ಪತ್ರೆಯಲ್ಲಿ, ಮೂತ್ರಪಿಂಡಗಳು ಇನ್ನೆರಡರಲ್ಲಿ, ಹೃದಯ ಬಹುಶಃ ಇನ್ನೊಂದು ನಗರದಲ್ಲಿ ಇರುತ್ತವೆ. ವರದಿ ದಾನಿಯ ಕಡತವನ್ನು ಸೇರಿ ಅಲ್ಲಿಯೇ ಉಳಿದರೆ ಪರೀಕ್ಷಿಸಿಯೂ ಪರೀಕ್ಷಿಸದಂತಾಯಿತು. ಅದನ್ನು ತೆಗೆದುಕೊಂಡು, ಹಂಚಿಕೆಯ ಪಟ್ಟಿಯನ್ನು ಎದುರಿಗಿಟ್ಟು, ನಾಲ್ಕು ಆಸ್ಪತ್ರೆಗಳಿಗೂ ದೂರವಾಣಿ ಮಾಡಿ, ಇಂಥ ಜೀವಿ ಬೆಳೆದಿದೆ, ಇಂಥ ಔಷಧಿಗೆ ಬಗ್ಗುತ್ತದೆ ಎಂದು ಹೇಳಿ, ಕೇಳಿಸಿಕೊಂಡವರ ಹೆಸರನ್ನೂ ವೇಳೆಯನ್ನೂ ಬರೆದಿಡುವ ಒಬ್ಬ ಗುಮಾಸ್ತನೋ ದಾದಿಯೋ ಇರಬೇಕು.